ಕಪ್ಪು ಬೆಲ್ಟಿಗೆ ಸಾಕ್ಷಿ ಯಾರು?

ಟೇಕ್ವಾಂಡೋ ಈಗ ಮಹಾನಗರಗಳ ಸೊತ್ತಾಗಿ ಉಳಿದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳಂಥ ರೈಲುಹಾದಿಯ ಊರುಗಳಲ್ಲಿಯೂ ಮಗಳನ್ನು ಸಂಗೀತಕ್ಕೆ ಸೇರಿಸುವುದೋ, ಒದೆಯುವ ವಿದ್ಯೆಗೆ ಸೇರಿಸುವುದೋ ಎಂದು ತಾಯ್ತಂದೆಯರು ಆಲೋಚಿಸುವ ಕಾಲ ಬಂದಿದೆ. ಸಂತೋಷದ ಸಂಗತಿಯೇ. ಆದರೆ ಹತ್ತು ವರ್ಷದ ಮಗು ಬಿಳಿಯ ಉಡುಪಿನ ಮೇಲೆ ಕಪ್ಪು ಬೆಲ್ಟು ಬಿಗಿದು ಫೋಟೋಕ್ಕೆ ನಿಂತಾಗ, ಆ ಬೆಲ್ಟು ಏನನ್ನು ಸಾರುತ್ತಿದೆಯೆಂದು ವಿಚಾರಿಸುವವರು ವಿರಳ.

ಕಪ್ಪು ಬೆಲ್ಟು ಮೂಲತಃ ಕೊರಿಯದ್ದಲ್ಲ. 1882ರಲ್ಲಿ ಟೋಕಿಯೋದಲ್ಲಿ ಜೂಡೋ ಶಾಲೆಯನ್ನು ತೆರೆದ ಜಿಗೊರೊ ಕಾನೊ ಅವರಿಂದ ಬಂದ ವಾಡಿಕೆ ಅದು. ಅವರ ಪದ್ಧತಿಯಲ್ಲಿ ಕಪ್ಪು ಬೆಲ್ಟಿನ ಮೊದಲ ಮೆಟ್ಟಿಲಿಗೆ ‘ಷೋದಾನ್’ ಎಂದು ಹೆಸರು. ಆರಂಭದ ದರ್ಜೆ ಎಂದೇ ಅದರ ಅರ್ಥ. ಕಾಗುಣಿತ ಮುಗಿಯಿತು, ಇನ್ನು ಓದು ಮೊದಲಾಗಲಿ ಎಂಬ ಅಪ್ಪಣೆಯದು. ಅದನ್ನೇ ಪಾಂಡಿತ್ಯದ ಬಿರುದೆಂದು ತಿಳಿದವರು ನಾವು. (ದಾನ್ ಎಂದರೆ ದರ್ಜೆ, ಕನ್ನಡದ ದಾನಕ್ಕೂ ಅದಕ್ಕೂ ಸಂಬಂಧವಿಲ್ಲ, ಇರಲೂ ಬಾರದು.)

ಟೇಕ್ವಾಂಡೋ ಎಂಬ ಹೆಸರು ನಿಂತದ್ದು 1955ರಲ್ಲಿ. 1972ರಲ್ಲಿ ಸಿಯೋಲ್ ನಗರದಲ್ಲಿ ಆರಂಭವಾದ ಕುಕ್ಕಿವೋನ್ ಸಂಸ್ಥೆ ದಾನ್ ಪ್ರಮಾಣಪತ್ರಗಳನ್ನು ನೀಡುತ್ತದೆ. ಅದರ ನಿಯಮದಂತೆ 15 ವರ್ಷ ತುಂಬದ ಮಕ್ಕಳಿಗೆ ದೊರೆಯುವುದು ದಾನ್ ಅಲ್ಲ, ‘ಪೂಮ್’. ಮೊದಲ ದಾನ್ ಆದವರು ಎರಡನೆಯದಕ್ಕೆ ಒಂದು ವರ್ಷ, ಅಲ್ಲಿಂದ ಮೂರನೆಯದಕ್ಕೆ ಎರಡು ವರ್ಷ ಕಾಯಬೇಕು. ಆದರೆ ಇವೆಲ್ಲ ಕಾಲದ ಲೆಕ್ಕ, ಕಸುವಿನ ಲೆಕ್ಕವಲ್ಲ. ನಾಲ್ಕನೆಯ ದಾನ್ ಮುಟ್ಟಿದ ಗುರುವು ತನ್ನ ಶಿಷ್ಯನನ್ನು ತಾನೇ ಪರೀಕ್ಷಿಸಿ ಶಿಫಾರಸು ಕಳುಹಿಸಬಹುದು. ಸಿಯೋಲಿಗೆ ಹೋಗುವುದು ಕಾಗದ, ಮಗುವಲ್ಲ. ಹೀಗಾಗಿ ಅಪ್ಪಟ ಪ್ರಮಾಣಪತ್ರವೂ ಕೊನೆಗೆ ಊರಿನ ಗುರುವಿನ ಮಾತಿನ ಮೇಲೆಯೇ ನಿಂತಿದೆ.

ಆ ಗುರುವಿಗಾದರೋ ಬಾಡಿಗೆ ಕಟ್ಟಬೇಕು, ನೆಲಹಾಸು ಕೊಳ್ಳಬೇಕು, ಸಂಸಾರವೂ ಉಂಟು. ಬೆಲ್ಟಿನ ಬಣ್ಣ ಬದಲಾದಂತೆಲ್ಲ ಪರೀಕ್ಷಾಶುಲ್ಕ ಬರುವುದಾದರೆ, ಮಗುವನ್ನು ಅನುತ್ತೀರ್ಣಗೊಳಿಸಿ ಪೋಷಕರ ಮುನಿಸು ಕಟ್ಟಿಕೊಳ್ಳಲು ಎಷ್ಟು ಮಂದಿಗೆ ಮನಸ್ಸು ಬಂದೀತು? ಗುರುವನ್ನು ಹಳಿದು ಫಲವಿಲ್ಲ. ಕಲಿಸುವವನೂ ತೂಗುವವನೂ ಹಣ ಪಡೆಯುವವನೂ ಒಬ್ಬನೇ ಆಗಿರುವುದು ಇಲ್ಲಿಯ ತೊಡಕು.

ನಮ್ಮ ಗರಡಿಮನೆಗಳಲ್ಲಿ ಬೆಲ್ಟೆಂಬುದೇ ಇರಲಿಲ್ಲ. ಕೆಮ್ಮಣ್ಣಿನಲ್ಲಿ ಸಾಮು ತೆಗೆದ ಹುಡುಗನನ್ನು ಬೇರೊಂದು ಗರಡಿಯ ಹುಡುಗನೊಡನೆ ಜೋಡಿ ಕಟ್ಟುತ್ತಿದ್ದರು. ಮೈಸೂರು ದಸರೆಯ ಕುಸ್ತಿಗೆ ಇಂದಿಗೂ ಜೋಡಿ ಕಟ್ಟುವುದುಂಟು. ಎದುರಾಳಿಯು ಉಸ್ತಾದರ ಮುಖ ನೋಡಿ ಸೋಲುವುದಿಲ್ಲ. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ಊರೇ ನೋಡುತ್ತದೆ. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತು ಕೊಳ್ಳುವಾಗ ಆತ ಕೊರಳ ಗೆಜ್ಜೆಯನ್ನಲ್ಲ, ಹಲ್ಲನ್ನೂ ನಡೆಯನ್ನೂ ನೋಡುತ್ತಾನೆ.

ಮಕ್ಕಳಿಗೊಂದು ಹುಮ್ಮಸ್ಸು, ಹೋಗಲಿ ಬಿಡಿ ಎನ್ನಬಹುದಿತ್ತು. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಬಾಲಿಕೆಯರಿಗೆ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿಗೆ ಅವಕಾಶವಿದೆ. ಅಲ್ಲಿ ಕಲಿಸಲು ಬರುವವರ ಯೋಗ್ಯತೆಯನ್ನು ಮುಖ್ಯೋಪಾಧ್ಯಾಯರು ಅಳೆಯುವುದಾದರೂ ಹೇಗೆ? ಬೆಲ್ಟಿನಿಂದ, ಪ್ರಮಾಣಪತ್ರದಿಂದ. ಇಂದು ಸಲಿಗೆಯಿಂದ ಹಂಚಿದ ಬೆಲ್ಟು ನಾಳೆ ಗುರುವಾಗಿ ನಿಲ್ಲುತ್ತದೆ. ಎದುರಾಳಿಯ ಮೇಲೆ ಒಮ್ಮೆಯೂ ಪ್ರಯೋಗಿಸಿ ನೋಡದ ಪಟ್ಟನ್ನು ನಂಬಿ, ಸಂಜೆಯ ಬಸ್ಸಿಳಿದು ಕತ್ತಲ ಹಾದಿಯಲ್ಲಿ ಮನೆಗೆ ನಡೆಯುವ ಹುಡುಗಿ ಓಡಬೇಕಾದಲ್ಲಿ ನಿಂತುಬಿಟ್ಟರೆ, ಅದರ ಬೆಲೆಯನ್ನು ತೆರುವವಳು ಅವಳೇ.

ಶಾಲೆಗೆ ಸೇರಿಸುವ ಮುನ್ನ ಪೋಷಕರು ಮೂರು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಪರೀಕ್ಷೆಯ ದಿನ ನಾವು ಕುಳಿತು ನೋಡಬಹುದೇ? ಪರೀಕ್ಷಕರು ಹೊರಗಿನವರೇ? ಕಳೆದ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಎಷ್ಟು ಮಂದಿ? ಮೂರನೆಯದಕ್ಕೆ ‘ಒಬ್ಬರೂ ಇಲ್ಲ’ ಎಂಬ ಉತ್ತರ ಹೆಮ್ಮೆಯಿಂದ ಬಂದಲ್ಲಿ, ಶುಲ್ಕ ಕಟ್ಟುವ ಮೊದಲು ಇನ್ನೊಂದು ಶಾಲೆಯನ್ನೂ ನೋಡಿಬರುವುದು ಲೇಸು.