ಫ್ರಿಜ್‌ನಲ್ಲಿ ಐಸ್ ಆಗುತ್ತಿಲ್ಲವೇ?

ಬಿರುಬೇಸಿಗೆಯಲ್ಲಿ ಅತಿಥಿಗಳು ಬಂದಿದ್ದಾರೆ, ಶರಬತ್ತು ಸಿದ್ಧವಾಗಿದೆ. ಫ್ರೀಜರ್ ತೆರೆದರೆ ಟ್ರೇಯಲ್ಲಿ ಬರೀ ತಣ್ಣೀರು! ಕೂಡಲೇ 'ಗ್ಯಾಸ್ ಮುಗಿದಿದೆ' ಎಂದು ತೀರ್ಮಾನಿಸಿ ಮೆಕ್ಯಾನಿಕನಿಗೆ ಫೋನ್ ಮಾಡುವವರಿದ್ದಾರೆ. ಆದರೆ ಫ್ರಿಜ್‌ನ ಗ್ಯಾಸ್, ಅಡುಗೆ ಗ್ಯಾಸಿನಂತೆ ಬಳಸಿದಷ್ಟೂ ಮುಗಿಯುವಂಥದ್ದಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಎಲ್ಲಾದರೂ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಈ ಕೆಲವು ವಿಷಯಗಳನ್ನು ನೀವೇ ನೋಡಿಕೊಳ್ಳಿ.

* ಐಸ್ ಚೆನ್ನಾಗಿ ಕಟ್ಟಬೇಕಾದರೆ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿಯಷ್ಟು ತಂಪಾಗಿರಬೇಕು. ಒಳಗಿನ ತಿರುಗಣೆ (ನಾಬ್) ಯಾವ ಅಂಕಿಯಲ್ಲಿದೆ ನೋಡಿ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ಒರೆಸುವಾಗ ಅದು ತಿರುಗಿರಬಹುದು, ಮಕ್ಕಳೂ ತಿರುಗಿಸಿರಬಹುದು.

* ಬಾಗಿಲಿನ ಸುತ್ತಲಿನ ರಬ್ಬರ್ ಪರೀಕ್ಷಿಸಿ. ಒಂದು ನೋಟನ್ನು ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಸಲೀಸಾಗಿ ಹೊರಬಂದರೆ ಅಲ್ಲಿಂದ ಬಿಸಿಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಉಗುರು ಬೆಚ್ಚಗಿನ ಸೋಪು ನೀರಿನಿಂದ ಜಿಡ್ಡು ತೆಗೆದು ನೋಡಿ. ಹರಿದಿದ್ದರೆ ರಬ್ಬರ್ ಬದಲಾಯಿಸಿದರೆ ಸಾಕು.

* ಬಕ್ರೀದ್ ಸಮಯದಲ್ಲಿ ಕಿಲೋಗಟ್ಟಲೆ ಮಾಂಸವನ್ನು ಒಮ್ಮೆಲೇ ಫ್ರೀಜರಿಗೆ ತುರುಕುತ್ತೇವೆ. ಆಗ ಅದು ಮಾಂಸವನ್ನು ತಂಪು ಮಾಡುವುದರಲ್ಲೇ ದಣಿಯುತ್ತದೆ. ಚಿಕ್ಕ ಚಪ್ಪಟೆ ಪೊಟ್ಟಣಗಳನ್ನು ಮಾಡಿ, ನಡುವೆ ಜಾಗ ಬಿಟ್ಟು ಇಡಿ. ಬಿಸಿ ಪಾತ್ರೆ ಇಡಲೇಬೇಡಿ. ಫ್ರಾಸ್ಟ್ ಫ್ರೀ ಫ್ರಿಜ್ ಆದರೆ ಗಾಳಿ ಬರುವ ಕಿಂಡಿಗಳಿಗೆ ಏನೂ ಅಡ್ಡ ಬಾರದಿರಲಿ.

* ಹಿಂಬದಿಯಲ್ಲಿ ಕಪ್ಪು ಜಾಲರಿ ಇದ್ದರೆ ಪ್ಲಗ್ ಕಿತ್ತು ಧೂಳು ತೆಗೆಯಿರಿ. ಒಳಗಿನ ಬಿಸಿ ಹೊರಹೋಗುವುದು ಅದರ ಮೂಲಕವೇ. ಗೋಡೆಗೆ ತಾಗಿಸಿ ಇಡಬೇಡಿ.

* ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಮಂಜು ಕಾಲು ಇಂಚಿಗಿಂತ ದಪ್ಪಗಾದರೆ ತಂಪು ಒಳಗೆ ತಲುಪದು. ಡಿಫ್ರಾಸ್ಟ್ ಗುಂಡಿ ಒತ್ತಿ ಅಥವಾ ಸ್ವಿಚ್ ಆಫ್ ಮಾಡಿ, ಮಂಜು ತಾನಾಗಿ ಕರಗಲು ಬಿಡಿ.

* ನೀರಿನ ಪೈಪ್ ಜೋಡಿಸಿದ, ತಾನೇ ಐಸ್ ಮಾಡುವ ಫ್ರಿಜ್ ನಿಮ್ಮದಾದರೆ ಮೊದಲು ನಲ್ಲಿ ತೆರೆದಿದೆಯೇ, ಫಿಲ್ಟರ್ ಕಟ್ಟಿಕೊಂಡಿದೆಯೇ, ಪೈಪ್ ಮಡಚಿದೆಯೇ ನೋಡಿ. ಐಸ್ ಡಬ್ಬಿಯ ಮೇಲೆ ತಂತಿಯ ಕೈ ಇರುವ ಮಾದರಿಗಳಲ್ಲಿ ಆ ಕೈ ಮೇಲೆತ್ತಿದ್ದರೆ ಐಸ್ ಆಗುವುದು ನಿಲ್ಲುತ್ತದೆ. ಅದನ್ನು ಕೆಳಗಿಳಿಸಿ.

ಒಂದು ಎಚ್ಚರಿಕೆ. ಮಂಜು ಕೆರೆಯಲು ಅಥವಾ ಅಂಟಿಕೊಂಡ ಟ್ರೇ ಎಬ್ಬಿಸಲು ಚಾಕು, ಸ್ಕ್ರೂಡ್ರೈವರ್ ಎಂದಿಗೂ ಬಳಸಬೇಡಿ. ಸಿಂಗಲ್ ಡೋರ್ ಫ್ರಿಜ್‌ಗಳಲ್ಲಿ ಗ್ಯಾಸಿನ ಕೊಳವೆ ಫ್ರೀಜರಿನ ತೆಳುವಾದ ಅಲ್ಯೂಮಿನಿಯಂ ಗೋಡೆಯಲ್ಲೇ ಇರುತ್ತದೆ. ಒಂದು ಚುಚ್ಚಿಗೆ ಸಾವಿರಾರು ರೂಪಾಯಿ ನಷ್ಟ. ಹೊಸ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಬಳಸುವ ಆರ್600ಎ ಎಂಬ ಗ್ಯಾಸ್ ಬೆಂಕಿ ಹತ್ತುವಂಥದ್ದು. ಆಕಸ್ಮಾತ್ ತೂತಾಗಿ 'ಸುಂಯ್' ಎಂದು ಸದ್ದು ಬಂದರೆ ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ. ಒಲೆ ಉರಿಯುತ್ತಿದ್ದರೆ ಆರಿಸಿ, ಕಿಟಕಿ ಬಾಗಿಲು ತೆರೆದು ಮಕ್ಕಳೊಂದಿಗೆ ಹೊರಬನ್ನಿ.

ಇಷ್ಟೆಲ್ಲ ಸರಿಪಡಿಸಿ ಒಂದು ದಿನ ಕಳೆದರೂ ಐಸ್ ಆಗದಿದ್ದರೆ ಮೆಕ್ಯಾನಿಕನನ್ನು ಕರೆಯಿರಿ. ಗ್ಯಾಸ್ ಹಾಕಬೇಕು ಎಂದರೆ, "ಎಲ್ಲಿ ಸೋರುತ್ತಿದೆ?" ಎಂದು ಕೇಳಿ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸಿದರೆ ಅದು ಮತ್ತೆ ಹೋಗುವುದು ಖಂಡಿತ.

ಕೊನೆಯದಾಗಿ, ಐಸಿನಲ್ಲಿ ರೋಗಾಣುಗಳೆಲ್ಲ ಸಾಯುವುದಿಲ್ಲ, ಹಲವು ನಿದ್ರಿಸುತ್ತವೆ ಅಷ್ಟೆ. ಹಾಗಾಗಿ ಟ್ರೇಗೆ ಕುದಿಸಿ ಆರಿಸಿದ ನೀರನ್ನೇ ತುಂಬಿ. ಫ್ರಿಜ್ ಕೆಟ್ಟಾಗ ಕರಗಿ ಬೆಚ್ಚಗಾದ ಮಾಂಸ, ಮೀನನ್ನು ಮತ್ತೆ ಫ್ರೀಜರಿಗೆ ಹಾಕಿ ಬಳಸಬೇಡಿ. ಉಳಿತಾಯಕ್ಕಿಂತ ಮನೆಮಂದಿಯ ಆರೋಗ್ಯ ದೊಡ್ಡದು.