ನಕ್ಷತ್ರದ ನಾಲ್ಕು ನಿಮಿಷ

ಮಕ್ಕಳೇ, ಡಿಸೆಂಬರ್ ತಿಂಗಳ ನಡುವೆ ಕತ್ತಲಾದ ಮೇಲೆ ಪೂರ್ವ ದಿಕ್ಕಿಗೆ ನೋಡಿ. ಸಾಲಾಗಿ ಮೂರು ಚುಕ್ಕಿಗಳು ಮೇಲೇರುತ್ತಿರುತ್ತವೆ. ಅದು ಮಹಾವ್ಯಾಧ, ಅಂದರೆ ಬೇಟೆಗಾರನ ನಡುಪಟ್ಟಿ. ನಡುರಾತ್ರಿಗೆ ಅವು ನೆತ್ತಿಯ ಹತ್ತಿರ ಇರುತ್ತವೆ, ಬೆಳಗಿನ ಜಾವಕ್ಕೆ ಪಶ್ಚಿಮಕ್ಕೆ ಇಳಿದಿರುತ್ತವೆ. ನಮ್ಮ ತಂದೆಯವರ ಬಳಿ ಕೈಗಡಿಯಾರ ಇರಲಿಲ್ಲ. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದರೆ, ಇಂಥ ಚುಕ್ಕಿಗಳನ್ನು ನೋಡಿಯೇ ಹೊತ್ತು ಹೇಳುತ್ತಿದ್ದರು.

ಹಾಗಾದರೆ ನಕ್ಷತ್ರಗಳು ನಡೆಯುತ್ತವೆಯೇ? ಇಲ್ಲ. ತಿರುಗುವುದು ನಾವು ನಿಂತಿರುವ ಭೂಮಿ. ಅದು ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಆಕಾಶವೇ ಪೂರ್ವದಿಂದ ಪಶ್ಚಿಮಕ್ಕೆ ಸರಿದಂತೆ ಕಾಣುತ್ತದೆ. ಸುಮಾರು 1,500 ವರ್ಷಗಳ ಹಿಂದೆಯೇ ಆರ್ಯಭಟ ಇದನ್ನು ದೋಣಿಯ ಹೋಲಿಕೆ ಕೊಟ್ಟು ತಿಳಿಸಿದ್ದ. ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ಮೇಲಿನ ವಸ್ತುಗಳು ಹಿಂದೆ ಓಡಿದಂತೆ ಕಾಣುವುದಿಲ್ಲವೇ, ಹಾಗೆ.

ಎಲ್ಲರೂ ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ, ಗೂಡು ಬಿಟ್ಟು ಹಾರಿದ ಹಕ್ಕಿ ಮತ್ತೆ ಗೂಡು ಸೇರುವುದು ಹೇಗೆ ಎಂಬುದು ವರಾಹಮಿಹಿರನ ಆಕ್ಷೇಪ. ಪ್ರಶ್ನೆ ಚೆನ್ನಾಗಿಯೇ ಇದೆ! ಉತ್ತರ ರೈಲಿನಲ್ಲಿದೆ. ಒಂದೇ ವೇಗದಲ್ಲಿ ಓಡುವ ರೈಲಿನಲ್ಲಿ ನಾಣ್ಯ ಚಿಮ್ಮಿದರೆ ಅದು ನಿಮ್ಮ ಕೈಗೇ ಬೀಳುತ್ತದೆ. ಏಕೆಂದರೆ ರೈಲಿನ ವೇಗ ನಾಣ್ಯಕ್ಕೂ ಇದೆ. ಹಾಗೆಯೇ ಗಾಳಿ, ಹಕ್ಕಿ, ನಾವು ಎಲ್ಲರೂ ಭೂಮಿಯ ಜೊತೆಗೇ ಸಾಗುತ್ತಿದ್ದೇವೆ. ಬೆಂಗಳೂರಿನಲ್ಲಿ ಸುಮ್ಮನೆ ಕೂತವರೂ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿರುತ್ತಾರೆ. ಕುಲುಕಾಟ ಇಲ್ಲದ್ದರಿಂದ ಗೊತ್ತಾಗುವುದಿಲ್ಲ, ಅಷ್ಟೇ.

ಇಲ್ಲಿಗೆ ಮುಗಿಯಲಿಲ್ಲ. ಭೂಮಿ ತಿರುಗುತ್ತಲೇ ಸೂರ್ಯನ ಸುತ್ತಲೂ ಹೋಗುತ್ತದೆ. ದಿನಕ್ಕೆ ಸುಮಾರು ಒಂದು ಡಿಗ್ರಿ ಮುಂದೆ ಸಾಗುತ್ತದೆ. ಆದ್ದರಿಂದ ಒಂದು ಪೂರ್ತಿ ಸುತ್ತು ತಿರುಗಿ ನಿನ್ನೆಯ ನಕ್ಷತ್ರದ ಎದುರಿಗೆ ಬಂದರೂ, ಸೂರ್ಯನ ಎದುರಿಗೆ ಬರಲು ಇನ್ನೊಂದು ಡಿಗ್ರಿ ತಿರುಗಬೇಕು. 360 ಡಿಗ್ರಿಗೆ 1,440 ನಿಮಿಷ ಎಂದರೆ ಒಂದು ಡಿಗ್ರಿಗೆ 4 ನಿಮಿಷ. ನಮ್ಮ ಗಡಿಯಾರ ನಡೆಯುವುದು ಸೂರ್ಯನ ಲೆಕ್ಕದಲ್ಲಿ. ಅದಕ್ಕೇ ನಕ್ಷತ್ರಗಳು ದಿನವೂ ಸುಮಾರು 4 ನಿಮಿಷ ಮೊದಲೇ ಹುಟ್ಟುತ್ತವೆ. ತಿಂಗಳಿಗೆ ಎರಡು ಗಂಟೆ, ವರ್ಷಕ್ಕೆ 24 ಗಂಟೆ. ಡಿಸೆಂಬರಿನಲ್ಲಿ ಕತ್ತಲಾದಾಗ ಪೂರ್ವದಲ್ಲಿದ್ದ ಬೇಟೆಗಾರ ಮಾರ್ಚಿಯಲ್ಲಿ ಅದೇ ಹೊತ್ತಿಗೆ ನೆತ್ತಿಯ ಹತ್ತಿರ ಇರುತ್ತಾನೆ. ಜೂನಿನಲ್ಲಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿ, ಮುಂದಿನ ಡಿಸೆಂಬರಿಗೆ ಮತ್ತೆ ಅಲ್ಲೇ ಹಾಜರು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಯಾರೋ ಹೇಳಿದರೆಂದು ಯಾವ ಮೊತ್ತವನ್ನೂ ಒಪ್ಪುವ ಅಭ್ಯಾಸ ನಮಗಿಲ್ಲ, ತಾಳೆ ನೋಡಲೇಬೇಕು. ನನ್ನ ಮಾತನ್ನೂ ನೀವು ಹಾಗೇ ಒಪ್ಪಬೇಡಿ. ಅಂಗಳದಲ್ಲಿ ಒಂದೇ ಜಾಗದಲ್ಲಿ ಕುರ್ಚಿ ಹಾಕಿ ಕೂತು, ಒಂದು ಕಣ್ಣು ಮುಚ್ಚಿ, ಮಿನುಗುವ ಒಂದು ನಕ್ಷತ್ರ ಪಕ್ಕದ ಗೋಡೆಯ ಅಂಚಿನಲ್ಲಿ ಮರೆಯಾಗುವ ಸಮಯ ಬರೆದುಕೊಳ್ಳಿ. ಮಿನುಗದೆ ಹೊಳೆಯುವ ಗ್ರಹ ಬೇಡ. ಒಂದು ವಾರ ಬಿಟ್ಟು ಮತ್ತೆ ಅಲ್ಲೇ ಕೂತು ನೋಡಿ. ಹೆಚ್ಚುಕಡಿಮೆ ಅರ್ಧ ಗಂಟೆ ಮೊದಲೇ ಮರೆಯಾಗಬೇಕು.

ಬ್ಯಾಂಕಿನಲ್ಲಿ ಒಬ್ಬರು ಬರೆದರೆ ಇನ್ನೊಬ್ಬರು ಪರಿಶೀಲಿಸಿ ಸಹಿ ಹಾಕುತ್ತಾರೆ. ಇಲ್ಲಿಯೂ ಅದೇ ಪದ್ಧತಿ ಇರಲಿ. ಮೊಮ್ಮಕ್ಕಳು ಬರೆಯಲಿ, ಅಜ್ಜ ಅಜ್ಜಿ ಸಹಿ ಹಾಕಲಿ. ಪೂರ್ತಿ ಲೆಕ್ಕ ಮುಗಿಯಲು ಒಂದು ವರ್ಷ ಬೇಕು. ನಮ್ಮ ವಯಸ್ಸಿನವರಿಗೆ ಒಂದು ವರ್ಷ ಸಣ್ಣ ಮಾತಲ್ಲ. ಅದಕ್ಕೇ ಹೇಳುತ್ತೇನೆ, ಮೋಡವಿಲ್ಲದಿದ್ದರೆ ಇವತ್ತೇ ಖಾತೆ ತೆರೆಯಿರಿ.