ಸಕ್ಕರೆ ಕೇಳ್ತಾರೆ, ಬ್ಯಾಸರ ಕೇಳಲ್ಲ



ಕೆಂಪು ಬಾಳೆಗೆ ಜಿಐ ಟ್ಯಾಗ್ ಪಡೆದ ಊರು ನಮ್ಮ ಕಮಲಾಪುರ. ತೋಟ ನನ್ನದೇ, ಹಣ್ಣು ಮಾತ್ರ ಅಳೆದು ತಿನ್ನಬೇಕು: ಆರು ವರ್ಷದಿಂದ ಟೈಪ್ 2 ಸಕ್ಕರೆ ಕಾಯಿಲೆ. ಗುಳಿಗೆ, ನಡಿಗೆ ರೂಢಿಯಾಗಿವೆ. ರೂಢಿಯಾಗದ್ದು, ಬೆಳಿಗ್ಗೆ ಬೆರಳು ಚುಚ್ಚಿದಾಗ ಬರುವ ಅಂಕಿ. 180 ಕಂಡರೆ ನಪಾಸಾದ ಹುಡುಗನಂತೆ ಮನೆಯವರಿಂದ ಮುಚ್ಚಿಡುತ್ತೇನೆ. ಮದುವೆಯಲ್ಲಿ ಮಾಲ್ಪುರಿ ಬೇಡವೆಂದರೆ ‘ಒಂದಕ್ಕ ಏನಾಗ್ತದ್ರಿ’ ಎನ್ನುತ್ತಾರೆ. ತಿಂದರೆ ಅವರೇ ಬುದ್ಧಿ ಹೇಳುತ್ತಾರೆ! ಮೂರು ತಿಂಗಳಿಗೊಮ್ಮೆ ಕಲಬುರಗಿಗೆ ತಪಾಸಣೆಗೆ ಹೋಗುತ್ತೇನೆ. ಸಕ್ಕರೆ ಎಷ್ಟು ಎನ್ನುತ್ತಾರೆ, ‘ಬ್ಯಾಸರಾಗ್ಯದೇನ್ರಿ’ ಎಂದು ಒಬ್ಬರೂ ಕೇಳಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಉಚಿತವಾಗಿ ಮನಸ್ಸಿನ ಮಾತು ಆಡಬಹುದು. ಮಧುಮೇಹ ತಪಾಸಣೆ ಕೋಣೆಗಳ ಗೋಡೆಗೆ ಆ ಸಂಖ್ಯೆಯನ್ನಾದರೂ ಆರೋಗ್ಯ ಇಲಾಖೆ ಬರೆಸಲಿ.

— ಒಬ್ಬ ಬಾಳೆ ಬೆಳೆಗಾರ, ಕಮಲಾಪುರ, ಕಲಬುರಗಿ ಜಿಲ್ಲೆ